ಹತ್ತಾದ ಮೇಲೆ ಎರಡು ವರ್ಷ

ನಂಜನಗೂಡಿನ ಸರ್ಕಾರಿ ಕಾಲೇಜಿನ ಹೆಸರಿನಲ್ಲಿ ‘ಪ್ರಥಮ ದರ್ಜೆ’ ಎಂಬ ಮಾತಿದೆ. ತಿ. ನರಸೀಪುರದ ಸರ್ಕಾರಿ ಕಾಲೇಜಿನ ಹೆಸರಿನಲ್ಲೂ ಇದೆ. ಅದೇ ತಾಲ್ಲೂಕಿನ ಬನ್ನೂರಿನ ಕಾಲೇಜೂ ಪ್ರಥಮ ದರ್ಜೆಯದೇ. ರಾಜ್ಯದ ಉದ್ದಗಲಕ್ಕೂ ಇಂಥ ನಾನೂರಕ್ಕೂ ಹೆಚ್ಚು ಸರ್ಕಾರಿ ಕಾಲೇಜುಗಳಿವೆ. ಎಲ್ಲವೂ ಪ್ರಥಮ ದರ್ಜೆ. ಹಾಗಾದರೆ ದ್ವಿತೀಯ ದರ್ಜೆಯ ಕಾಲೇಜು ಎಲ್ಲಿದೆ? ಮಗಳನ್ನು ಸೇರಿಸಲು ಬಂದ ರೈತನೊಬ್ಬ ಹೀಗೆ ಕೇಳಿದರೆ ಕಚೇರಿಯ ಗುಮಾಸ್ತರೂ ಒಂದು ಕ್ಷಣ ತಬ್ಬಿಬ್ಬಾದಾರು.

ಈ ಪಟ್ಟಣಗಳಲ್ಲಿ ಇನ್ನೂ ಎರಡು ಬಗೆಯ ಫಲಕಗಳು ಕಣ್ಣಿಗೆ ಬೀಳುತ್ತವೆ. ಒಂದು, ‘ಪದವಿಪೂರ್ವ ಕಾಲೇಜು’. ಮತ್ತೊಂದು, ‘ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ’. ಮೆಟ್ರಿಕ್ ಎಂಬ ಪರೀಕ್ಷೆಯನ್ನು ಈ ಸೀಮೆಯಲ್ಲಿ ಇಂದು ಯಾರೂ ಬರೆಯುವುದಿಲ್ಲ. ಪದವಿಗೆ ‘ಪೂರ್ವ’ ಎಂಬ ಕಾಲೇಜಿಗೆ ಸೇರಿದವರೆಲ್ಲರೂ ಪದವಿಯವರೆಗೆ ಹೋಗುವುದೂ ಇಲ್ಲ. ಹೆಸರುಗಳು ಹಳೆಯವು, ಕಾಲ ಬದಲಾದರೂ ಫಲಕದ ಮೇಲೆ ಉಳಿದುಕೊಂಡಿವೆ.

ಈ ಮೂರು ಹೆಸರುಗಳಲ್ಲಿ ಒಂದು ವಿಚಿತ್ರವಿದೆ. ಹೈಸ್ಕೂಲು ಮುಗಿಸಿದ ಹುಡುಗ-ಹುಡುಗಿಯರು ಕಳೆಯುವ ಮುಂದಿನ ಎರಡು ವರ್ಷಗಳಿಗೆ ತನ್ನದೇ ಆದ ಹೆಸರು ಎಂದೂ ಸಿಕ್ಕಿಲ್ಲ. ಅದು ಯಾವುದರದೋ ‘ನಂತರ’, ಇಲ್ಲವೆ ಯಾವುದರದೋ ‘ಪೂರ್ವ’. ನೂರೈವತ್ತು ವರ್ಷಗಳಿಂದ ಈ ಅವಧಿ ಒಮ್ಮೆ ಶಾಲೆಯ ಮಡಿಲಿಗೆ, ಒಮ್ಮೆ ವಿಶ್ವವಿದ್ಯಾನಿಲಯದ ಮಡಿಲಿಗೆ, ಮತ್ತೊಮ್ಮೆ ಪ್ರತ್ಯೇಕ ಇಲಾಖೆಯ ಮಡಿಲಿಗೆ ಬೀಳುತ್ತಲೇ ಬಂದಿದೆ. ಹಳ್ಳಿಯ ಮಕ್ಕಳು ಓದು ಬಿಡುವುದೂ, ಓದಿನಲ್ಲಿ ಗಟ್ಟಿಯಾಗಿ ನಿಲ್ಲುವುದೂ ಬಹುಪಾಲು ಇಲ್ಲಿಯೇ.

ದರ್ಜೆ ಎಂದರೆ ಗುಣವಲ್ಲ

ಮೊದಲು ‘ದರ್ಜೆ’ಯ ಒಗಟನ್ನು ಬಿಡಿಸೋಣ. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಆಗ ಮೈಸೂರು ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾನಿಲಯವಿರಲಿಲ್ಲ. ಇಲ್ಲಿನ ಕಾಲೇಜುಗಳು ಮದ್ರಾಸಿಗೆ ಸೇರಿದ್ದವು. ಪ್ರವೇಶಕ್ಕೆ ಮೆಟ್ರಿಕ್ಯುಲೇಷನ್ ಪರೀಕ್ಷೆ ಪಾಸಾಗಬೇಕಿತ್ತು. ಅದಾದ ಮೇಲೆ ಎರಡು ವರ್ಷ ಓದಿದರೆ ಎಫ್.ಎ., ಅಂದರೆ ‘ಫಸ್ಟ್ ಆರ್ಟ್ಸ್’ ಪರೀಕ್ಷೆ. ಮತ್ತೆರಡು ವರ್ಷ ಓದಿದರೆ ಬಿ.ಎ. ಎಫ್.ಎ.ವರೆಗೆ ಮಾತ್ರ ಪಾಠ ಹೇಳುವ ಕಾಲೇಜು ದ್ವಿತೀಯ ದರ್ಜೆಯದು, ಬಿ.ಎ.ವರೆಗೂ ಹೇಳುವಂಥದು ಪ್ರಥಮ ದರ್ಜೆಯದು. ದರ್ಜೆ ಎಂಬುದು ಕಾಲೇಜಿನ ಗುಣದ ಮಾತಲ್ಲ. ಎಷ್ಟು ವರ್ಷದ ಪಾಠ ಅಲ್ಲಿದೆ ಎಂಬ ಲೆಕ್ಕವಷ್ಟೆ.

ಮೈಸೂರಿನ ಮಹಾರಾಜ ಕಾಲೇಜು ಈ ಎರಡೂ ಮೆಟ್ಟಿಲನ್ನು ಹತ್ತಿದೆ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಆರಂಭಿಸಿದ ಇಂಗ್ಲಿಷ್ ಶಾಲೆ ಅದರ ಮೂಲ. 1879ರಲ್ಲಿ ಅದು ದ್ವಿತೀಯ ದರ್ಜೆ ಕಾಲೇಜಾಯಿತು, 1894ರಲ್ಲಿ ಪ್ರಥಮ ದರ್ಜೆಗೆ ಏರಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಹದಿನೈದು ವರ್ಷ ಮಹಾರಾಜ ಕಾಲೇಜು ಒಂದು ಪಿ.ಯು. ಕಾಲೇಜಾಗಿತ್ತು! ದ್ವಿತೀಯ ದರ್ಜೆ ಕಾಲೇಜುಗಳು ಕಾಣೆಯಾಗಲಿಲ್ಲ. ಹೆಸರು ಬದಲಾಯಿಸಿಕೊಂಡು ಪದವಿಪೂರ್ವ ಕಾಲೇಜುಗಳಾಗಿ ಊರೂರಿನಲ್ಲಿ ನಿಂತಿವೆ.

ಅಂದಿನ ದಿನಗಳಲ್ಲಿ ನಂಜನಗೂಡಿನ ಹುಡುಗನೊಬ್ಬ ಎಫ್.ಎ. ಓದಬೇಕೆಂದರೆ ಮೈಸೂರಿಗೇ ಹೋಗಬೇಕಿತ್ತು. ದೂರ ಹೆಚ್ಚೇನಲ್ಲ, ಸುಮಾರು 23 ಕಿಲೋಮೀಟರು. 1891ರಲ್ಲಿ ಮೈಸೂರು-ನಂಜನಗೂಡು ರೈಲು ಮಾರ್ಗವೂ ತೆರೆಯಿತು. ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರಲ್ಲಿ ಕಪಿಲೆಗೆ ಕಟ್ಟಿದ ಕಲ್ಲುಸೇತುವೆಯ ಮೇಲೆಯೇ ರೈಲು ಊರೊಳಗೆ ಬಂತು. ತಿ. ನರಸೀಪುರಕ್ಕೆ ಈ ಭಾಗ್ಯ ಬರಲಿಲ್ಲ. ಕಾವೇರಿ-ಕಪಿಲೆಗಳ ಸಂಗಮದಲ್ಲಿರುವ ಈ ಕ್ಷೇತ್ರಕ್ಕೆ ಯಾತ್ರಿಕರು ಎಷ್ಟೇ ಬರಲಿ, ರೈಲು ಮಾತ್ರ ಇಂದಿಗೂ ಬಂದಿಲ್ಲ. ಗಾಡಿಯ ದಾರಿ, ಆಮೇಲೆ ಬಸ್ಸಿನ ದಾರಿ. ಎರಡು ನೆರೆಯ ತಾಲ್ಲೂಕುಗಳ ಓದಿನ ಕಥೆಯಲ್ಲಿ ಈ ಒಂದು ವ್ಯತ್ಯಾಸ ಮತ್ತೆ ಮತ್ತೆ ಎದುರಾಗುತ್ತದೆ.

ಊಟ ಯಾರ ಮನೆಯಲ್ಲಿ?

ರೈಲಿದ್ದರೂ ದಿನವೂ ಹೋಗಿಬರುವುದು ಎಲ್ಲರ ಕೈಲಾಗುವ ಮಾತಾಗಿರಲಿಲ್ಲ. ಮೈಸೂರಿನಲ್ಲಿ ತಂಗಬೇಕು, ಉಣ್ಣಬೇಕು. ಕಾಲೇಜಿನ ಶುಲ್ಕಕ್ಕಿಂತ ಈ ಪ್ರಶ್ನೆಯೇ ದೊಡ್ಡದಾಗಿತ್ತು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಪದ್ಧತಿಯಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ. ಹೀಗೆ ಏಳು ಮನೆ ಗೊತ್ತುಮಾಡಿಕೊಂಡರೆ ವಾರ ಕಳೆಯುತ್ತಿತ್ತು. ಮನೆಯವರು ಊರಿಗೆ ಹೋದ ದಿನ ಉಪವಾಸ. ಈ ಅವಮಾನ, ಈ ಉಪಕಾರ ಎರಡನ್ನೂ ನೆನೆದು ಬರೆದ ಆತ್ಮಕಥೆಗಳು ಕನ್ನಡದಲ್ಲಿ ಸಾಕಷ್ಟಿವೆ.

ಆದರೆ ವಾರಾನ್ನ ಎಲ್ಲ ಜಾತಿಯವರಿಗೂ ದಕ್ಕುವಂಥದಾಗಿರಲಿಲ್ಲ. ಒಕ್ಕಲಿಗರ, ವೀರಶೈವರ, ಇತರ ಸಮುದಾಯಗಳ ವಿದ್ಯಾರ್ಥಿನಿಲಯಗಳು ಹುಟ್ಟಿದ್ದು ಈ ಕಾರಣಕ್ಕೆ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ಊಟ-ವಸತಿಯ ವಿದ್ಯಾರ್ಥಿನಿಲಯ ನಡೆಸಿದರು. 1954ರಲ್ಲಿ ಸ್ಥಾಪನೆಯಾದ ಜೆಎಸ್‌ಎಸ್ ಮಹಾವಿದ್ಯಾಪೀಠ ಅದರ ಬೆಳವಣಿಗೆ. ಮೊದಲು ಅನ್ನ, ಆಮೇಲೆ ಕಾಲೇಜು ಎಂಬ ಈ ಕ್ರಮವನ್ನು ಗಮನಿಸಬೇಕು. ಓದಿಗೆ ಏನು ಅಡ್ಡ ಬರುತ್ತದೆ ಎಂಬುದನ್ನು ಹಳ್ಳಿಯ ಕಡೆಯಿಂದ ನೋಡಿದವರು ಹಾಕಿದ ಕ್ರಮವದು.

ದಲಿತರ ಸರದಿ ಎಲ್ಲರಿಗಿಂತ ತಡವಾಗಿ ಬಂತು. 1918ರಲ್ಲಿ ಮೈಸೂರು ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ಉದ್ಯೋಗ ಮೀಸಲಾತಿಯ ಜೊತೆಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಮಾತನ್ನೂ ಎತ್ತಿತು. 1944ರಲ್ಲಿ ಭಾರತ ಸರ್ಕಾರ ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭಿಸಿತು. ನಮ್ಮ ಪಟ್ಟಣಗಳ ಫಲಕಗಳಲ್ಲಿ ಉಳಿದುಕೊಂಡಿರುವ ‘ಮೆಟ್ರಿಕ್ ನಂತರದ’ ಎಂಬ ಮಾತು ಆ ಕಾಲದ್ದು. ಮುಂದೆ ದೇವರಾಜ ಅರಸು ಅವರ ಆಡಳಿತದಲ್ಲಿ, 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗದ ಹಿನ್ನೆಲೆಯಲ್ಲಿ, ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ತಾಲ್ಲೂಕು ಕೇಂದ್ರಗಳಿಗೂ ಬಂದವು. ನಂಜನಗೂಡು, ನರಸೀಪುರಗಳ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹಾಸ್ಟೆಲ್ಲಿನ ಹುಡುಗ. ಅಲ್ಲಿನ ಅನ್ನ ತಿಳಿ, ಸಾರು ನೀರು ಎಂಬ ದೂರು ಹಳೆಯದು. ಆ ಅನ್ನವಿಲ್ಲದೆ ಓದು ಮುಂದುವರಿಯುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಒಂದು ವರ್ಷವೋ, ಎರಡು ವರ್ಷವೋ?

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಜನ್ಮತಾಳಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಎಫ್.ಎ. ಆ ವೇಳೆಗೆ ಇಂಟರ್‌ಮೀಡಿಯೆಟ್ ಆಗಿತ್ತು. ಹೊಸ ವಿಶ್ವವಿದ್ಯಾನಿಲಯ ಅದನ್ನೂ ಕಿತ್ತುಹಾಕಿ ಹೊಸದೊಂದು ಪ್ರಯೋಗಕ್ಕೆ ಕೈಹಾಕಿತು. ಇಂಟರ್‌ಮೀಡಿಯೆಟ್‌ನ ಎರಡು ವರ್ಷದಲ್ಲಿ ಒಂದನ್ನು ಹೈಸ್ಕೂಲಿಗೆ, ಮತ್ತೊಂದನ್ನು ಕಾಲೇಜಿಗೆ ಹಂಚಿದರು. ಆಯ್ದ ಕೆಲವು ಹೈಸ್ಕೂಲುಗಳು ‘ಕಾಲೇಜಿಯೇಟ್ ಹೈಸ್ಕೂಲು’ಗಳಾದವು. ಅಲ್ಲಿ ಒಂದು ವರ್ಷ ಓದಿ ಯೂನಿವರ್ಸಿಟಿ ಎಂಟ್ರೆನ್ಸ್ ಪರೀಕ್ಷೆ ಪಾಸಾದರೆ ಮೂರು ವರ್ಷದ ಪದವಿಗೆ ಪ್ರವೇಶ.

ಈ ಎಂಟ್ರೆನ್ಸಿಗೆ ಸಿಕ್ಕಿಬಿದ್ದವರಲ್ಲಿ ಜಗತ್ತಿಗೇ ಪರಿಚಿತರಾದ ಒಬ್ಬರಿದ್ದಾರೆ. ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಮಗ ಆರ್.ಕೆ. ನಾರಾಯಣ್ ಈ ಪರೀಕ್ಷೆಯಲ್ಲಿ ನಪಾಸಾದರು, ಅದೂ ಇಂಗ್ಲಿಷಿನಲ್ಲಿ! ಒಂದು ವರ್ಷ ಮನೆಯಲ್ಲಿ ಕುಳಿತರು, ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿದರು. ಮತ್ತೆ ಕಟ್ಟಿ ಪಾಸಾಗಿ, 1930ರಲ್ಲಿ ಬಿ.ಎ. ಮುಗಿಸಿದರು. ಮೂರು ವರ್ಷದ ಬಿ.ಎ.ಗೆ ಅವರು ತೆಗೆದುಕೊಂಡದ್ದು ನಾಲ್ಕು ವರ್ಷ. ಈ ಪ್ರಸಂಗವನ್ನು ನಮ್ಮ ಮಕ್ಕಳಿಗೆ ಧೈರ್ಯ ಹೇಳಲು ಆಗಾಗ ಬಳಸುವುದುಂಟು. ಆದರೆ ಒಂದು ಮಾತು ಮರೆಯಬಾರದು. ನಾರಾಯಣ್ ಅವರಿಗೆ ಕುಳಿತು ಓದಲು ಪುಸ್ತಕ ತುಂಬಿದ ಮನೆಯಿತ್ತು, ಸಂಬಳ ತರುವ ತಂದೆಯಿದ್ದರು. ಹುಲ್ಲಹಳ್ಳಿ ಹೋಬಳಿಯ ಕೂಲಿಯವನ ಮಗ ಒಂದು ವರ್ಷ ಮನೆಯಲ್ಲಿ ಕುಳಿತರೆ ಅವನು ವಿದ್ಯಾರ್ಥಿಯಾಗಿ ಉಳಿಯುವುದಿಲ್ಲ. ಮನೆಗೆ ದುಡಿಯುವ ಎರಡು ಕೈ ಆಗುತ್ತಾನೆ.

ಇದೇ ಗೊಂದಲ ಬೇರೆಡೆಯೂ ಇತ್ತು. ಕಲ್ಕತ್ತ ವಿಶ್ವವಿದ್ಯಾನಿಲಯವನ್ನು ಕುರಿತು 1917-19ರಲ್ಲಿ ವಿಚಾರಣೆ ನಡೆಸಿದ ಸ್ಯಾಡ್ಲರ್ ಆಯೋಗ, ಇಂಟರ್‌ಮೀಡಿಯೆಟ್ ತರಗತಿಗಳನ್ನು ವಿಶ್ವವಿದ್ಯಾನಿಲಯದಿಂದ ಬೇರ್ಪಡಿಸಬೇಕೆಂದಿತು. ಅತ್ತ ಅಮೆರಿಕದಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಅವರದೂ ಇದೇ ಯೋಚನೆ: ಮೊದಲ ಎರಡು ವರ್ಷದ ಪಾಠ ವಿಶ್ವವಿದ್ಯಾನಿಲಯದ ಕೆಲಸವಲ್ಲ, ಅದು ಊರಿನಲ್ಲೇ ನಡೆಯಲಿ. ಅದರ ಫಲವಾಗಿ 1901ರಲ್ಲಿ ಜೋಲಿಯೆಟ್ ಎಂಬ ಊರಿನ ಹೈಸ್ಕೂಲಿನೊಳಗೆ ಆರು ಮಂದಿ ವಿದ್ಯಾರ್ಥಿಗಳೊಂದಿಗೆ ಒಂದು ಜೂನಿಯರ್ ಕಾಲೇಜು ಶುರುವಾಯಿತು. ಇಂದು ಅಮೆರಿಕದ ಊರೂರಲ್ಲಿರುವ ‘ಸಮುದಾಯ ಕಾಲೇಜು’ಗಳ ಹಿರಿಯಣ್ಣ ಅದು. ಅದರ ವಿಷಯಕ್ಕೆ ಮುಂದೆ ಬರೋಣ.

ಮೈಸೂರಿನ ಎಂಟ್ರೆನ್ಸ್ ಪ್ರಯೋಗ ಬಹುಕಾಲ ನಿಲ್ಲಲಿಲ್ಲ. 1920ರ ದಶಕದ ಕೊನೆಗೆ ಎರಡು ವರ್ಷದ ಇಂಟರ್‌ಮೀಡಿಯೆಟ್ ಮರಳಿ ಬಂತು. 1928ರಲ್ಲಿ ಆರಂಭವಾದ ಮೈಸೂರಿನ ಯುವರಾಜ ಕಾಲೇಜು ಹುಟ್ಟಿದ್ದೇ ಇಂಟರ್‌ಮೀಡಿಯೆಟ್ ಕಾಲೇಜಾಗಿ. ಸ್ವಾತಂತ್ರ್ಯದ ನಂತರ, 1950ರ ದಶಕದ ಉತ್ತರಾರ್ಧದಲ್ಲಿ, ಇಂಟರ್‌ಮೀಡಿಯೆಟ್ ಮತ್ತೆ ಹೋಗಿ ಒಂದು ವರ್ಷದ ಪಿ.ಯು.ಸಿ. ಮತ್ತು ಮೂರು ವರ್ಷದ ಪದವಿ ಬಂದವು. 1956ರಿಂದ 60ರವರೆಗೆ ಕುಲಪತಿಯಾಗಿದ್ದ ಕುವೆಂಪು ಅವರು ಉನ್ನತ ಶಿಕ್ಷಣ ಕನ್ನಡದಲ್ಲಿ ಏಕಾಗಬಾರದು ಎಂದು ಗಟ್ಟಿಯಾಗಿ ಕೇಳಿದ್ದು ಈ ಕಾಲದಲ್ಲಿ. ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಓದಿದ ಹುಡುಗ ಒಮ್ಮೆಲೇ ಇಂಗ್ಲಿಷಿಗೆ ಜಿಗಿಯಬೇಕಿದ್ದ ಆ ಒಂದು ವರ್ಷದ ಪಿ.ಯು.ಸಿ.ಯನ್ನು ದಾಟಿದವರಿಗಿಂತ ಅದರಲ್ಲಿ ಮುಗ್ಗರಿಸಿದವರ ನೆನಪುಗಳೇ ಹೆಚ್ಚು. ‘ಪಿ.ಯು.ಸಿ. ಫೇಲು’ ಎಂಬುದು ಒಂದು ತಲೆಮಾರಿನ ಹಳ್ಳಿಗರ ವಿದ್ಯಾರ್ಹತೆಯೇ ಆಗಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಕೊಠಾರಿ ಆಯೋಗ 1964-66ರಲ್ಲಿ ದೇಶಕ್ಕೆಲ್ಲ ಹತ್ತು, ಎರಡು, ಮೂರರ ಲೆಕ್ಕ ಹಾಕಿಕೊಟ್ಟಿತು. ಕರ್ನಾಟಕದಲ್ಲಿ 1970ರ ದಶಕದ ಆರಂಭದಲ್ಲಿ ಪಿ.ಯು.ಸಿ. ಎರಡು ವರ್ಷದ್ದಾಯಿತು, ವಿಶ್ವವಿದ್ಯಾನಿಲಯದ ಕೈಬಿಟ್ಟು ಸರ್ಕಾರದ ಕೈಗೆ ಬಂತು.

ಕಾಲೇಜು ಊರಿಗೇ ಬಂತು

ಈ ಬದಲಾವಣೆ ಕಾಗದದ ಮೇಲೆ ಚಿಕ್ಕದು, ತಾಲ್ಲೂಕಿನಲ್ಲಿ ದೊಡ್ಡದು. ಹಳೆಯ ಸರ್ಕಾರಿ ಹೈಸ್ಕೂಲುಗಳಿಗೆ ಎರಡು ತರಗತಿ ಸೇರಿಸಿದರೆ ಅದೇ ‘ಜೂನಿಯರ್ ಕಾಲೇಜು’. ಕಟ್ಟಡ ಅದೇ, ಮೈದಾನ ಅದೇ, ಗಂಟೆಯೂ ಅದೇ. ಜೋಲಿಯೆಟ್‌ನಲ್ಲಿ 1901ರಲ್ಲಿ ಆದದ್ದೇ ಇಲ್ಲಿ ಏಳು ದಶಕ ಕಳೆದು ಆಯಿತು. ಹಿರಿಯರು ಇಂದಿಗೂ ಸರ್ಕಾರಿ ಪದವಿಪೂರ್ವ ಕಾಲೇಜನ್ನು ‘ಜೂನಿಯರ್ ಕಾಲೇಜು’ ಎಂದೇ ಕರೆಯುತ್ತಾರೆ. ನಂಜನಗೂಡಿನಲ್ಲಿ ಜೆಎಸ್‌ಎಸ್, ನರಸೀಪುರದಲ್ಲಿ ವಿದ್ಯೋದಯದಂಥ ಖಾಸಗಿ ಸಂಸ್ಥೆಗಳೂ ಬೆಳೆದವು. ವಿದ್ಯೋದಯದಲ್ಲಿ ಕಾನೂನು ಕಾಲೇಜೂ ಇದೆ. ತಾಲ್ಲೂಕು ಪಟ್ಟಣವೊಂದಕ್ಕೆ ಅದು ಸಣ್ಣ ಸಂಗತಿಯಲ್ಲ. ಸರ್ಕಾರಿ ಪದವಿ ಕಾಲೇಜುಗಳು ಆಮೇಲೆ ಬಂದವು. 2007-08ರ ಸುಮಾರಿಗೆ ರಾಜ್ಯದಲ್ಲಿ ಒಂದೇ ಸಲಕ್ಕೆ ಹಲವಾರು ತೆರೆದವು.

ಇದರ ಮೊದಲ ಲಾಭ ಹುಡುಗಿಯರಿಗೆ. ಮಗನನ್ನು ಮೈಸೂರಿನಲ್ಲಿ ಬಿಡಬಹುದು, ಮಗಳನ್ನು ಬಿಡುವುದು ಹೇಗೆ ಎನ್ನುತ್ತಿದ್ದ ತಂದೆಗೆ ಈಗ ಬೆಳಗ್ಗೆ ಹೋಗಿ ಸಂಜೆ ಬರುವ ಕಾಲೇಜು ಸಿಕ್ಕಿತು. ಮೈಸೂರಿನಲ್ಲಿ 1881ರಷ್ಟು ಹಿಂದೆಯೇ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಆರಂಭವಾಗಿ ಕಾಲೇಜಾಗಿ ಬೆಳೆದಿದ್ದರೂ ಅದು ಬಹುಪಾಲು ನಗರದ ಮನೆಗಳ ಹೆಣ್ಣುಮಕ್ಕಳದಾಗಿತ್ತು. ಮೂಗೂರು, ತಲಕಾಡು, ಸೋಸಲೆ, ಕವಲಂದೆ, ಬಿಳಿಗೆರೆ ಕಡೆಯ ಹುಡುಗಿಯರು ಪದವಿಯ ಮುಖ ಕಂಡದ್ದು ಕಾಲೇಜು ತಾಲ್ಲೂಕಿಗೆ ಬಂದ ಮೇಲೆ.

ಆದರೆ ಒಂದು ಅಡ್ಡಿ ಕಳಚಿದೊಡನೆ ಇನ್ನೊಂದು ಎದ್ದಿತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮರುವರ್ಷ, 1994ರಲ್ಲಿ, ಕರ್ನಾಟಕದಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳಿಗೆ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ. ವ್ಯವಸ್ಥೆ ಬಂತು. ಉದ್ದೇಶ ಒಳ್ಳೆಯದು: ಹಣವಿದ್ದವನಿಗೆ ಮಾತ್ರ ಸೀಟು ಎಂಬುದು ತಪ್ಪಬೇಕು. ಹಳ್ಳಿಯ ಎಷ್ಟೋ ಮಕ್ಕಳಿಗೆ ಅದರಿಂದ ದಾರಿ ತೆರೆದದ್ದೂ ಹೌದು. ಆದರೆ ಪಿ.ಯು.ಸಿ. ವಿಜ್ಞಾನದ ಎರಡು ವರ್ಷ ಕ್ರಮೇಣ ಈ ಪರೀಕ್ಷೆಯ ತಯಾರಿಯಾಗಿ ಮಾರ್ಪಟ್ಟಿತು. ವೈದ್ಯಕೀಯಕ್ಕೆ ನೀಟ್ ಬಂದ ಮೇಲಂತೂ ಕೋಚಿಂಗ್ ಇಲ್ಲದ ಪಿ.ಯು. ಕಾಲೇಜು ಎಂದರೆ ಮೂಗು ಮುರಿಯುವಂತಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದ, ಕೈಯಲ್ಲಿ ಹಣವಿರುವ ಮನೆಯ ಮಕ್ಕಳು ಮೈಸೂರಿನ ಬಸ್ಸು ಹತ್ತುತ್ತಾರೆ. ಬನ್ನೂರಿನವರಿಗೂ ನಂಜನಗೂಡಿನವರಿಗೂ ಅದು ಸುಲಭ, ತಲಕಾಡಿನವರಿಗೆ ಕಷ್ಟ. ಉಳಿದವರು ತಾಲ್ಲೂಕಿನ ಕಾಲೇಜಿನಲ್ಲಿ ಕಲೆ ಅಥವಾ ವಾಣಿಜ್ಯ ಆರಿಸಿಕೊಳ್ಳುತ್ತಾರೆ. ‘ಆರಿಸಿಕೊಳ್ಳುತ್ತಾರೆ’ ಎಂಬುದೂ ಸೌಜನ್ಯದ ಮಾತೇ. ಎಷ್ಟು ಅಂಕ ಎಂದು ಕೇಳಿ, ‘ಹಾಗಾದರೆ ಆರ್ಟ್ಸ್ ತಗೊಳ್ಳಲಿ ಬಿಡಿ’ ಎಂದು ಅರ್ಜಿ ತುಂಬಿಸುವವರು ಹಲವೆಡೆ ಬೇರೆಯವರು.

ಸೇರುವ ಕೆಲಸವೂ ಹೇಳುವಷ್ಟು ಸರಳವಲ್ಲ. ಶಾಲೆಯಿಂದ ಟಿ.ಸಿ., ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆ, ವಿದ್ಯಾರ್ಥಿವೇತನಕ್ಕೆ ಒಂದು ಅರ್ಜಿ, ಹಾಸ್ಟೆಲಿಗೆ ಇನ್ನೊಂದು, ಬಸ್ ಪಾಸಿಗೆ ಮತ್ತೊಂದು. ಇವೆಲ್ಲ ಬರುವುದು ಜೂನ್ ತಿಂಗಳಲ್ಲಿ, ಹೊಲಕ್ಕೆ ಬೀಜ-ಗೊಬ್ಬರದ ಖರ್ಚೂ ಬರುವ ಹೊತ್ತಿನಲ್ಲಿ. ಓದು ಬಲ್ಲವರು ಮನೆಯಲ್ಲಿ ಒಬ್ಬರೂ ಇಲ್ಲದಿದ್ದರೆ ಅರ್ಜಿಯ ಒಂದು ಕಲಮು ತಪ್ಪಾಗಿ, ವಿದ್ಯಾರ್ಥಿವೇತನ ಒಂದು ವರ್ಷ ತಪ್ಪಿಹೋಗುವುದುಂಟು.

ಕೈಕೆಲಸದ ದಾರಿ

ಎರಡು ವರ್ಷದ ಈ ಅವಧಿಯಲ್ಲಿ ಪುಸ್ತಕದ ಓದಿಗೆ ಬದಲು ಕೆಲಸ ಕಲಿಸಬೇಕೆಂಬ ಆಲೋಚನೆ ಹಳೆಯದು. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. 1970ರ ದಶಕದ ಕೊನೆಯಲ್ಲಿ ಪಿ.ಯು. ಕಾಲೇಜುಗಳಲ್ಲಿ ಜೆ.ಒ.ಸಿ., ಅಂದರೆ ಉದ್ಯೋಗಾಧಾರಿತ ಕೋರ್ಸುಗಳು ಬಂದವು. ರೇಷ್ಮೆ ಕೃಷಿ, ವಿದ್ಯುತ್ ಉಪಕರಣಗಳ ದುರಸ್ತಿ, ಲೆಕ್ಕಪತ್ರ ಹೀಗೆ ನಾನಾ ವಿಷಯ. ರೇಷ್ಮೆಗೂಡು ಬೆಳೆಯುವ, ರೇಷ್ಮೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯೇ ಇರುವ ನರಸೀಪುರದಂಥ ತಾಲ್ಲೂಕಿಗೆ ಇದು ಹೇಳಿ ಮಾಡಿಸಿದ ಯೋಜನೆಯಾಗಬೇಕಿತ್ತು. ಆಗಲಿಲ್ಲ. ಜೆ.ಒ.ಸಿ. ಎಂದರೆ ಪಿ.ಯು. ಸಿಗದವರ ಜಾಗ ಎಂಬ ಹೆಸರು ಅಂಟಿತು. ಪಾಠ ಹೇಳುವವರು ಅರೆಕಾಲಿಕ ನೌಕರರಾಗಿ ವರ್ಷಾನುಗಟ್ಟಲೆ ಕಾಯಂ ಆಗಲು ಹೋರಾಡಿದರು. 2010ರ ಆಸುಪಾಸಿನಲ್ಲಿ ಕೋರ್ಸುಗಳೇ ಮುಚ್ಚಿದವು.

ನಂಜನಗೂಡಿನ ಪರಿಸ್ಥಿತಿ ಬೇರೆ. ರಸಬಾಳೆ ಮತ್ತು ಹಲ್ಲುಪುಡಿಗೆ ಹೆಸರಾದ ಈ ಊರಿನ ಸುತ್ತ ಕಾರ್ಖಾನೆಗಳು ಎದ್ದವು. ನೆಸ್ಲೆ 1989ರಲ್ಲಿ ಬಂತು. ಔಷಧ, ಕಾಗದ, ಬಿಯರ್, ವಿದ್ಯುನ್ಮಾನ ಬಿಡಿಭಾಗಗಳ ಘಟಕಗಳು ಸೇರಿಕೊಂಡವು. ಆಲಗಂಚಿಯಲ್ಲಿ ಸಕ್ಕರೆ ಕಾರ್ಖಾನೆ. ತಾಂಡ್ಯ, ಹಿಮ್ಮಾವು ಕಡೆಗೆ ಹೊಸ ಕೈಗಾರಿಕಾ ಪ್ರದೇಶ. ಕೆಲಸ ಕಣ್ಣೆದುರಿಗೇ ಇದೆ ಎಂಬ ಭರವಸೆ ಇಲ್ಲಿನ ಹುಡುಗರನ್ನು ಐ.ಟಿ.ಐ.ಗೂ, ಜೆಎಸ್‌ಎಸ್ ಪಾಲಿಟೆಕ್ನಿಕ್‌ಗೂ ಕರೆದೊಯ್ಯಿತು. ಡಿಪ್ಲೊಮಾದಲ್ಲಿ ಒಂದು ಅನುಕೂಲವಿದೆ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಸೇರಬಹುದು, ಮೂರು ವರ್ಷ ಮುಗಿಸಿದವರು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಹೋಗಬಹುದು. ಐ.ಟಿ.ಐ. ಮಾಡಿದವರೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಏಣಿ ಇದೆ. ಆದರೆ ಮನೆಯ ಅಗತ್ಯ ಹಲವರನ್ನು ಕೆಳಗಿನ ಮೆಟ್ಟಿಲಲ್ಲೇ ಇಳಿಸಿಕೊಳ್ಳುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಂದು ವರ್ಷ ತರಬೇತಿ, ಆಮೇಲೆ ಗುತ್ತಿಗೆ, ಆಮೇಲೆ ಬೇರೊಂದು ಕಾರ್ಖಾನೆಯ ಗೇಟು. ಕಾರ್ಖಾನೆಗೆ ಜಮೀನು ಬಿಟ್ಟುಕೊಟ್ಟ ಮನೆಗಳ ಮಕ್ಕಳಿಗಾದರೂ ಕಾಯಂ ಕೆಲಸ ಕೊಡಿ ಎಂದು ಹಿಮ್ಮಾವಿನ ರೈತರು 2020ರಲ್ಲಿ ಧರಣಿ ಕೂರಬೇಕಾಯಿತು.

ಈಗ ಅಮೆರಿಕದ ಆ ‘ಸಮುದಾಯ ಕಾಲೇಜಿ’ಗೆ ಮರಳೋಣ. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ ಈ ಹೆಸರನ್ನು ಜನಪ್ರಿಯಗೊಳಿಸಿತು. ಮನೆಗೆ ಹತ್ತಿರ, ಶುಲ್ಕ ಕಡಿಮೆ, ಬಾಗಿಲು ಎಲ್ಲರಿಗೂ ತೆರೆದಿದೆ. ಎರಡು ವರ್ಷ ಓದಿ ವಿಶ್ವವಿದ್ಯಾನಿಲಯಕ್ಕೆ ಹೋಗಬಹುದು, ಇಲ್ಲವೆ ಕೆಲಸ ಕಲಿತು ಹೊರಡಬಹುದು. ಆದರೆ ಬಹುಪಾಲು ವಿದ್ಯಾರ್ಥಿಗಳು ಪದವಿಯ ಆಸೆಯಿಂದ ಸೇರಿದರೂ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗಿ ಹೋಗುವವರು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಅವರಲ್ಲೂ ಆರು ವರ್ಷದೊಳಗೆ ಪದವಿ ಪಡೆಯುವವರು ಅರ್ಧದಷ್ಟು. ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ 1960ರಲ್ಲೇ ಇದನ್ನು ಗುರುತಿಸಿದ್ದ. ತೆರೆದ ಬಾಗಿಲಿನ ಕಾಲೇಜು ಯಾರನ್ನೂ ಹೊರದಬ್ಬುವುದಿಲ್ಲ. ನಿನ್ನ ಆಸೆ ದೊಡ್ಡದಾಯಿತು ಎಂದು ಮೆಲ್ಲಗೆ, ನೋವಾಗದಂತೆ ಮನವರಿಕೆ ಮಾಡಿಕೊಡುತ್ತದೆ ಎಂಬುದು ಅವನ ವಾದ. ‘ಆರ್ಟ್ಸ್ ತಗೊಳ್ಳಲಿ ಬಿಡಿ’ ಎಂಬ ಮಾತನ್ನು ಕೇಳಿದವರಿಗೆ ಕ್ಲಾರ್ಕನ ವಾದ ಅಪರಿಚಿತವೆನಿಸದು.

ಭಾರತಕ್ಕೂ ಈ ಮಾದರಿ ಬಂತು. ಪುದುಚೇರಿ, ಚೆನ್ನೈಗಳಲ್ಲಿ 1990ರ ದಶಕದ ಮಧ್ಯದಲ್ಲೇ ಸಮುದಾಯ ಕಾಲೇಜುಗಳು ಹುಟ್ಟಿದವು, 2013ರಲ್ಲಿ ಯು.ಜಿ.ಸಿ. ಆಯ್ದ ಕಾಲೇಜುಗಳಲ್ಲಿ ಇದನ್ನು ಆರಂಭಿಸಲು ಯೋಜನೆ ರೂಪಿಸಿ ಹಣ ಕೊಟ್ಟಿತು. ಆದರೆ ಹೆಸರಿಲ್ಲದೆಯೇ ಈ ಕೆಲಸ ಮಾಡುತ್ತ ಬಂದ ತಾಲ್ಲೂಕು ಪದವಿ ಕಾಲೇಜುಗಳ ಕಡೆಗೆ ಅಷ್ಟು ಗಮನ ಹರಿಯಲಿಲ್ಲ.

ಸೇರಿದವರು ಏನಾಗುತ್ತಾರೆ?

ತಾಲ್ಲೂಕು ಕಾಲೇಜಿಗೆ ಸೇರಿದ ಮಗು ಎಲ್ಲಿ ಎಡವುತ್ತದೆ ಎಂಬುದಕ್ಕೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಅಂಕಪಟ್ಟಿ ನೋಡುತ್ತಾರೆ. ಬಸ್ಸಿನ ವೇಳಾಪಟ್ಟಿಯನ್ನೂ ನೋಡಬೇಕು. ಪಿ.ಯು.ಸಿ.ಯಲ್ಲಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ಊರಿನ ಮೊದಲ ಬಸ್ಸು ತಡವಾಗಿ ಬಂದರೆ ಮೊದಲ ಪೀರಿಯಡ್ ಹೋಯಿತು. ಸಂಜೆ ಬೇಗ ಹೊರಡುವ ಬಸ್ಸು ಹಿಡಿಯಬೇಕಾದರೆ ಕೊನೆಯದೂ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹುಡುಗಿಯರ ಪಾಲಿಗೆ ಪಾಸಿನ ಹಣದ ಚಿಂತೆ ಹೋಯಿತು, ಬಸ್ಸಿನಲ್ಲಿ ಕಾಲಿಡಲು ಜಾಗದ ಚಿಂತೆ ಬಂತು.

ಎರಡನೆಯದು ಭಾಷೆ. ಕಲೆ, ವಾಣಿಜ್ಯವನ್ನು ಕನ್ನಡದಲ್ಲಿ ಬರೆಯಬಹುದು. ವಿಜ್ಞಾನ ಇಂಗ್ಲಿಷಿನಲ್ಲೇ ನಡೆಯುವುದು ರೂಢಿ. ‘ದ್ಯುತಿಸಂಶ್ಲೇಷಣೆ’ಯನ್ನು ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ಬಲ್ಲವನು ಪ್ರಥಮ ಪಿ.ಯು.ಸಿ.ಯಲ್ಲಿ ಅದೇ ವಿಷಯವನ್ನು ಹೊಸ ಹೆಸರಿನಲ್ಲಿ ಕೇಳಿ ಏನೂ ಬಾರದವನಂತೆ ಕೂರುತ್ತಾನೆ. ಕುವೆಂಪು ಎತ್ತಿದ ಪ್ರಶ್ನೆ ಆ ಬೆಂಚಿನ ಮೇಲೆ ಹಾಗೇ ಉಳಿದಿದೆ.

ಮೂರನೆಯದು ಪಾಠ ಹೇಳುವವರು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆಯ ದೊಡ್ಡ ಭಾಗ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ರಾಜ್ಯದಲ್ಲಿ ಇವರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. ‘ಅತಿಥಿ’ ಎಂಬುದು ಇನ್ನೊಂದು ವಿಚಿತ್ರ ಹೆಸರು. ಹದಿನೈದು-ಇಪ್ಪತ್ತು ವರ್ಷ ಒಂದೇ ಕೆಲಸ ಮಾಡಿದವರನ್ನು ಅತಿಥಿ ಎನ್ನುವುದು ನಮ್ಮಲ್ಲಿ ಮಾತ್ರ. 2021-22ರಲ್ಲೂ 2023-24ರಲ್ಲೂ ಇವರು ಕಾಯಮಾತಿಗೆ ಒತ್ತಾಯಿಸಿ ತರಗತಿ ಬಹಿಷ್ಕರಿಸಿದಾಗ ಹಲವು ಕಾಲೇಜುಗಳಲ್ಲಿ ಪಾಠವೇ ನಿಂತಿತು. ಅವರ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಖಾಸಗಿ ಟ್ಯೂಷನ್ನಿಗೆ ಹೋಗಲಾರದವರು.

ಇದರ ನಡುವೆ ಪಠ್ಯಕ್ರಮವೇ ಕಾಲಡಿಯಲ್ಲಿ ಕದಲಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಒಂದೇ ಮನೆಯ ಅಣ್ಣ ಒಂದು ಪದ್ಧತಿಯಲ್ಲಿ, ತಂಗಿ ಇನ್ನೊಂದರಲ್ಲಿ. 1916ರಿಂದ ನಡೆದು ಬಂದ ಆಟ ಇದು. ಆಗಲೂ ಒಂದು ವರ್ಷವನ್ನು ಅತ್ತಿಂದಿತ್ತ ಸರಿಸಿದ್ದರು.

ಇಷ್ಟರ ನಡುವೆಯೂ ಓದು ಮುಗಿಸಿ ಹೊರಬಂದವರು ಈ ತಾಲ್ಲೂಕುಗಳಲ್ಲಿ ಕಡಿಮೆ ಇಲ್ಲ. ಶಾಲೆ, ಪೊಲೀಸ್ ಠಾಣೆ, ತಾಲ್ಲೂಕು ಕಚೇರಿ, ಬ್ಯಾಂಕು, ವಕೀಲರ ಸಂಘ ಎಲ್ಲಿ ವಿಚಾರಿಸಿದರೂ ಇಲ್ಲಿನ ಕಾಲೇಜಿನಲ್ಲಿ ಕಲಿತವರು ಸಿಗುತ್ತಾರೆ. ನಡುವೆ ಬಿಟ್ಟವರಿಗೆ ಬಹುಕಾಲ ಆಸರೆಯಾಗಿದ್ದದ್ದು ಅಂಚೆ ಶಿಕ್ಷಣ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಆರಂಭಿಸಿದ ಈ ವ್ಯವಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ, ಮದುವೆಯಾದ ಮೇಲೂ ಬಿ.ಎ. ಮುಗಿಸಿದವರು ಅನೇಕ. 2013ರ ನಂತರ ಯು.ಜಿ.ಸಿ. ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಸಿಗುವವರೆಗೆ ಆ ಬಾಗಿಲು ಮುಚ್ಚಿದಂತಾಗಿತ್ತು. ನಡುವಿನ ವರ್ಷಗಳಲ್ಲಿ ಹತ್ತಿರದ ಈ ದಾರಿಯನ್ನೇ ನಂಬಿದ್ದವರು ಪೇಚಿಗೆ ಸಿಕ್ಕಿದರು.

ಪರೀಕ್ಷೆಯಲ್ಲಿ ಬಿದ್ದವರ ಪಾಡು ಮಾತ್ರ ಇತ್ತೀಚೆಗೆ ಕೊಂಚ ಸುಧಾರಿಸಿದೆ. 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಆದರೆ ಅದೇ ವರ್ಷ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿ.ಯು.ಸಿ.ಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಆರ್.ಕೆ. ನಾರಾಯಣ್ ಒಂದು ವರ್ಷ ಮನೆಯಲ್ಲಿ ಕುಳಿತರು. ಇಂದಿನವರು ಕೆಲವೇ ವಾರಗಳಲ್ಲಿ ಮತ್ತೆ ಬರೆಯಬಹುದು. ಮೂರನೆಯ ಪರೀಕ್ಷೆಯಲ್ಲಿ ಪಾಸಾದವರು ಟಿ.ಸಿ. ಹಿಡಿದು ನಂಜನಗೂಡಿನ, ನರಸೀಪುರದ ಕಾಲೇಜುಗಳ ಬಾಗಿಲಿಗೆ ಬರುವ ಹೊತ್ತಿಗೆ ತರಗತಿ ಶುರುವಾಗಿ ಎಷ್ಟೋ ವಾರ ಕಳೆದಿರುತ್ತಿತ್ತು. ಕಾಲೇಜಿನಲ್ಲಿ ಜಾಗ ಸಿಗುವುದು ಕಷ್ಟವಲ್ಲ. ದೂರದ ಹೋಬಳಿಯಿಂದ ಬಂದ ತಂದೆ-ತಾಯಿ ಮೊದಲು ವಿಚಾರಿಸುವುದು ಹಾಸ್ಟೆಲಿನಲ್ಲಿ ಇನ್ನೂ ಸೀಟು ಉಳಿದಿದೆಯೇ ಎಂದು.